ಯಜಮಾನರ ಜೇಬು ಸೇರಿದ ಡೈರಿ

ಕಡೂರಿನಲ್ಲಿ ನಮ್ಮದೊಂದು ಬ್ಲೌಸ್ ಹೊಲಿಯುವ ಅಂಗಡಿ. ಅಳತೆ, ಕಟಿಂಗು ನಮ್ಮ ಯಜಮಾನರದು. ಹುಕ್ಕು, ಹೆಮ್ಮಿಂಗು, ಗಿರಾಕಿಗಳ ಬೈಗುಳ ನನ್ನದು. ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಸುಬಿನಲ್ಲಿ ಯಾರೂ ನಿಜವಾದ ತಾರೀಖು ಹೇಳುವುದಿಲ್ಲ. ಭಾನುವಾರ ಮದುವೆಯಿದ್ದರೆ ಗಿರಾಕಿ ಗುರುವಾರ ಎನ್ನುತ್ತಾಳೆ, ಟೈಲರು ಹೇಗೂ ಸತಾಯಿಸುತ್ತಾನೆಂದು. ಅದು ಗೊತ್ತಿರುವ ಯಜಮಾನರು ಮನಸ್ಸಿನಲ್ಲೇ ಎರಡು ಮೂರು ದಿನ ಮುಂದಕ್ಕೆ ಹಾಕಿಕೊಂಡು, ಬಾಯಲ್ಲಿ ಮಾತ್ರ "ಬುಧವಾರ ಬನ್ನಿ, ರೆಡಿ ಇರುತ್ತೆ" ಎನ್ನುತ್ತಾರೆ. ಬುಧವಾರ ಅವಳೂ ಬರುವುದಿಲ್ಲ, ಬ್ಲೌಸೂ ಆಗಿರುವುದಿಲ್ಲ. ಇಬ್ಬರೂ ಸುಳ್ಳು ಹೇಳಿ ಹೇಳಿ ಕೊನೆಗೆ ಸರಿಯಾದ ದಿನಕ್ಕೇ ಬಂದು ನಿಲ್ಲುತ್ತಾರೆ. ಇಷ್ಟು ಅಚ್ಚುಕಟ್ಟಾದ ವ್ಯವಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದಕ್ಕೆಲ್ಲ ನಮ್ಮ ಹತ್ತಿರ ಇದ್ದದ್ದು ಒಂದು ಡೈರಿ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಅಡಿಯಲ್ಲೂ ತೆಂಗಿಗೆ ಯಾವಾಗ ಏನು ಹಾಕಬೇಕೆಂಬ ಉಪದೇಶ. ಕಟಿಂಗ್ ಟೇಬಲ್ಲಿನ ಮೇಲೆ ಸದಾ ಬಿಚ್ಚಿಕೊಂಡೇ ಬಿದ್ದಿರುತ್ತಿತ್ತು. ಗಿರಾಕಿ ಹೇಳಿದ ದಿನವನ್ನು ನಾನು ಬರೆಯುತ್ತಿದ್ದೆ. ಯಜಮಾನರು ಅದನ್ನು ನೋಡಿ ಮೂಗು ಮುರಿಯುತ್ತಿದ್ದರು.

"ಆಯಮ್ಮ ಸುಳ್ಳು ಹೇಳ್ತವ್ಳೆ ಕಣೇ."

"ಎಲ್ಲರೂ ನಿಮ್ಮಂಗೇ ಇರ್ತಾರೇನ್ರೀ? ಮುಖ ನೋಡಿದ್ರೆ ಗೊತ್ತಾಗಲ್ವಾ?"

ಹೀಗೆ ಜಗಳವಾಡಿಯೇ ಯಾವ ಬ್ಲೌಸು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುತ್ತಿದ್ದೆವು.

ಹೀಗಿರುವಾಗ ಯಜಮಾನರಿಗೆ ಟೈಮ್ ಮ್ಯಾನೇಜ್‌ಮೆಂಟಿನ ಗಾಳಿ ಸೋಕಿತು. ಯಾರೋ ಕೋಟು ಹಾಕಿದವನ ವೀಡಿಯೊ ನೋಡಿ ಫೋನಿಗೊಂದು ಪ್ಲಾನರ್ ಆ್ಯಪ್ ಹಾಕಿಕೊಂಡರು. ಆ ಕೋಟು ಹೊಲಿದವನು ಹೇಳಿದ ದಿನಕ್ಕೆ ಕೊಟ್ಟಿದ್ದನೋ ಇಲ್ಲವೋ, ದೇವರಿಗೇ ಗೊತ್ತು. ಡೈರಿ ಅಟ್ಟ ಸೇರಿತು. ಅವಸರದ ಕೆಲಸಕ್ಕೆ ಕೆಂಪು ಬಣ್ಣವಂತೆ, ನಿಧಾನದ್ದಕ್ಕೆ ಹಸಿರಂತೆ. ಕೆಲಸ ಮುಗಿಸಿ ಒತ್ತಿದರೆ ಪರದೆಯ ಮೇಲೆ ಬಣ್ಣಬಣ್ಣದ ಚೂರು ಹಾರಿ ಶಭಾಸ್ ಎನ್ನುತ್ತಿತ್ತು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹಾಗೆಂದಿರಲಿಲ್ಲ, ಅದೂ ನಿಜ. ಬಂದವರಿಗೆಲ್ಲ ಫೋನು ತೋರಿಸಿ, "ಈಗೆಲ್ಲಾ ಸಿಸ್ಟಮ್ ಪ್ರಕಾರ ಕಣ್ರೀ, ನಿಜವಾದ ಡೇಟ್ ಹೇಳಿ ಸಾಕು" ಎನ್ನತೊಡಗಿದರು. ಗಿರಾಕಿಗಳು ತಲೆಯಾಡಿಸಿ ಯಥಾಪ್ರಕಾರ ಸುಳ್ಳೇ ಹೇಳಿದರು.

ನಂಬಿದವಳು ಒಬ್ಬಳೇ. ಅಜ್ಜಂಪುರದ ಹುಡುಗಿ, ಮೆಡಿಕಲ್ ಶಾಪಿನಲ್ಲಿ ಕೆಲಸ. ಹುಟ್ಟಿನಿಂದ ಅವಳ ಎಡಭುಜ ಬಲಕ್ಕಿಂತ ತಗ್ಗು. ಯಾರು ಹೊಲಿದ ಬ್ಲೌಸ್ ತೊಟ್ಟರೂ ಒಂದು ಕಡೆ ಜಾರುತ್ತಿತ್ತು. ಯಜಮಾನರು ಭುಜ ಕೂರಿಸುವುದರಲ್ಲಿ ಗಟ್ಟಿಗರೆಂದು ಯಾರೋ ಹೇಳಿ, ಹುಡುಕಿಕೊಂಡು ಬಂದಿದ್ದಳು.

"ನನ್ ಮದುವೇಲಾದ್ರೂ ನೆಟ್ಟಗೆ ಕಾಣ್ಬೇಕು ಅಕ್ಕಾ" ಎಂದಳು. ಮದುವೆ ತರೀಕೆರೆಯಲ್ಲಿ, ಮುಂದಿನ ತಿಂಗಳ ಎರಡನೇ ಭಾನುವಾರ. ಹಿಂದಿನ ಶುಕ್ರವಾರ ಬಂದು ತೊಟ್ಟು ನೋಡಿ ಒಯ್ಯುತ್ತೇನೆ ಎಂದಳು. ಎಲ್ಲವೂ ನಿಜ. ಪಾಪ, ಸಿಸ್ಟಮ್ಮನ್ನು ನಂಬಿದ್ದಳು.

ಯಜಮಾನರು ಟಕಟಕನೆ ಒತ್ತಿ ಫೋನನ್ನು ಜೇಬಿಗಿಳಿಸಿದರು. ಏನು ಒತ್ತಿದರೆಂದು ನಾನು ನೋಡುವುದೆಲ್ಲಿಂದ? ಡೈರಿಯಾಗಿದ್ದರೆ ಕಣ್ಣಿಗೆ ಬೀಳುತ್ತಿತ್ತು, ಜಗಳವಾಗುತ್ತಿತ್ತು, ಬ್ಲೌಸೂ ಆಗುತ್ತಿತ್ತು.

ಆ ಶುಕ್ರವಾರ ಸಂಜೆ ಹುಡುಗಿ ನಮಗೂ ಒಂದು ಲಗ್ನಪತ್ರಿಕೆ ಹಿಡಿದುಕೊಂಡು ಬಂದಳು. ಯಜಮಾನರು ಫೋನು ತೆಗೆದು, "ನಿಮ್ದು ಇನ್ನೂ ಹಸಿರಲ್ಲೈತಲ್ಲಮ್ಮ, ಬರೋ ಬುಧವಾರಕ್ಕೆ" ಎಂದರು. ಅವಳು ಲಗ್ನಪತ್ರಿಕೆಯನ್ನು ಅವರ ಮುಂದಿಟ್ಟಳು. ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿರಲಿಲ್ಲ.

"ನಾನ್ ನಿಜಾನೇ ಹೇಳಿದ್ನಲ್ಲಣ್ಣಾ?"

"ಎಲ್ರೂ ಮುಂಚೆ ಹೇಳ್ತಾರಲ್ಲಮ್ಮ, ಅದಕ್ಕೇ ಎರಡು ಮೂರು ದಿನ ಮುಂದಕ್ಕೆ..." ಎನ್ನುತ್ತಲೇ ಯಜಮಾನರು ಮಾಡಿದ ಮೊದಲ ಕೆಲಸವೆಂದರೆ ಫೋನಿನಲ್ಲಿ ಹಸಿರನ್ನು ಕೆಂಪು ಮಾಡಿದ್ದು. ನನಗೆ ಮೈಯೆಲ್ಲ ಉರಿಯಿತು. ಕಾದ ಇಸ್ತ್ರಿಪೆಟ್ಟಿಗೆಯನ್ನು ಆ ಫೋನಿನ ಮೇಲೆ ಇಟ್ಟುಬಿಡೋಣ ಅನ್ನಿಸಿತು.

ಮಾರನೆಯ ದಿನ ಅವಳಿಗೆ ಅರಿಶಿನ ಹಚ್ಚುವ ಶಾಸ್ತ್ರ. ಅರಿಶಿನ ಮೈಗೆ ಬಿದ್ದ ಮೇಲೆ ಮದುಮಗಳು ಹೊಸಿಲು ದಾಟುವಂತಿಲ್ಲ, ಟೈಲರ್ ಅಂಗಡಿಗಂತೂ ಇಲ್ಲವೇ ಇಲ್ಲ. ಅಂಥ ಭುಜವೋ, ಒಮ್ಮೆ ತೊಡಿಸಿ ನೋಡದೆ ಕೂರುವುದಿಲ್ಲ. ಶನಿವಾರವಿಡೀ ಇಬ್ಬರೂ ಕೂತು ಅಂದಾಜಿನ ಮೇಲೆ ಹೊಲಿದೆವು. ಮುಗಿದಾಗ ಫೋನು ಬಣ್ಣದ ಚೂರು ಹಾರಿಸಿ ಶಭಾಸ್ ಎಂದಿತು.

ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ತರೀಕೆರೆಗೆ ಒಯ್ದವಳು ನಾನು. ಯಜಮಾನರಿಗೆ ಬರಲು ಮುಖವಿರಲಿಲ್ಲ. ಕಲ್ಯಾಣಮಂಟಪದ ಕೋಣೆಯಲ್ಲಿ ಹುಡುಗಿಗೆ ತೊಡಿಸಿದೆ. ಎಡಭಾಗ ಜಾರಿತು. ಪಿನ್ನು ಹಾಕಿದೆ, ಕುತ್ತಿಗೆ ಓರೆಯಾಯಿತು. ಬಿಚ್ಚಿ ಕೈಹೊಲಿಗೆ ಹಾಕಿದೆ, ತೋಳು ಬಿಗಿಯಿತು. ಹೊರಗೆ ಪುರೋಹಿತರು ಹೆಣ್ಣನ್ನು ಕರೆಯುತ್ತಿದ್ದರು. ಅವಳು ನನ್ನ ಕೈ ಹಿಡಿದು, "ಬಿಡಿ ಅಕ್ಕಾ, ನಾನೂ ಎಲ್ರಂಗೆ ಗುರುವಾರ ಅಂತಾನೇ ಹೇಳ್ಬೇಕಿತ್ತು" ಎಂದಳು. ಸೆರಗನ್ನು ಬೆನ್ನಿಂದ ಸುತ್ತಿ ತಂದು ಎರಡೂ ಭುಜದ ಮೇಲೆ ಹೊದ್ದುಕೊಂಡು ಹೊರಟುಹೋದಳು.

ನಾನು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿದ್ದ ಗಂಡಿನ ಕಡೆಯ ಹಿರಿಯಮ್ಮ ನನ್ನ ಮೊಣಕೈ ತಿವಿದರು. "ನೋಡವ್ವ, ಈ ಕಾಲ್ದಲ್ಲೂ ಹೆಂಗೆ ಮೈತುಂಬ ಸೆರಗು ಹೊದ್ಕಂಡು ಕೂತವ್ಳೆ! ಏನು ನಯ, ಏನು ನಾಚ್ಕೆ! ಹೆತ್ತೋರು ಚೆನ್ನಾಗಿ ಕಲಿಸವ್ರೆ." ಕಲಿಸಿದವರು ಹೆತ್ತವರಲ್ಲ, ನಾವು.