ಹನ್ನೊಂದು ವರ್ಷದ ಸದೀಕ್

ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿ ನಾನು ಕೆಲಸ ಕೇಳಲು ಹೋದ ಫುಟ್‌ಬಾಲ್ ಕ್ಲಬ್ಬಿನಲ್ಲಿ ತಂಡದ ನಾಯಕನೇ ಕಸ ಗುಡಿಸುತ್ತಿದ್ದ. ಅರ್ಧ ಗಂಟೆ ಹಿಂದೆ ಎರಡು ಗೋಲು ಹೊಡೆದವನು. ಪಕ್ಕದಲ್ಲಿ ಗೋಲ್‌ಕೀಪರ್ ನಲ್ಲಿಯ ಕೆಳಗೆ ತನ್ನ ಬೂಟು ತಾನೇ ತೊಳೆಯುತ್ತಿದ್ದ. ನೋಡಿದವರಿಗೆ ಎಂಥ ಸರಳ ಜನ ಅನ್ನಿಸಬಹುದು. ನನಗೆ ಮಾತ್ರ ಹಾಗನ್ನಿಸಲಿಲ್ಲ. ಅವರಿಬ್ಬರ ಕೈಯಲ್ಲಿದ್ದದ್ದು ನನ್ನ ಕೆಲಸ.

ನಾನು ಬೆಂಗಳೂರಿನ ಆಸ್ಟಿನ್ ಟೌನಿನವನು, ಹೆಸರು ಮುನಿರಾಜು. ನಮ್ಮ ಏರಿಯಾದಲ್ಲಿ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಚೆಂಡು ಒದೆಯುತ್ತಾರೆ. ನಾನೂ ಒದ್ದೆ, ಮೊಣಕಾಲು ಕೈಕೊಟ್ಟಿತು. ಆಟ ಬಿಟ್ಟಿರಲಾಗದೆ ಅರಬ್ ಕೊಲ್ಲಿ ದೇಶದ ಒಂದು ಸಣ್ಣ ಊರಿನ ವೃತ್ತಿಪರ ಕ್ಲಬ್ಬಿಗೆ ಕಿಟ್ ಮ್ಯಾನ್ ಆಗಿ ಹೋದೆ. ಅಂದರೆ ಆಟಗಾರರ ಜೆರ್ಸಿ, ಬೂಟು, ಕಾಲುಚೀಲ ನೋಡಿಕೊಳ್ಳುವವನು. ಎರಡನೇ ದರ್ಜೆಯ ತಂಡ. ಪಂದ್ಯಕ್ಕೆ ಬರುವ ಜನರಿಗಿಂತ ಮೈದಾನದ ದೀಪಗಳೇ ಹೆಚ್ಚು ಎಂದು ನಾವೇ ನಗುತ್ತಿದ್ದೆವು. ಆದರೆ ಡ್ರೆಸ್ಸಿಂಗ್ ರೂಮು ನನ್ನದು. ಬೆವರಿನ ಉಪ್ಪು ಕಪ್ಪು ಜೆರ್ಸಿಯ ಮೇಲೆ ಬಿಳಿ ಗೆರೆ ಎಳೆದಿರುತ್ತಿತ್ತು. ಮಷೀನಿಗೆ ಹಾಕುವ ಮೊದಲು ಅದನ್ನು ತಣ್ಣೀರಿನಲ್ಲಿ ನೆನೆಸಲೇಬೇಕು. ಕ್ಯಾಪ್ಟನ್ ಸಾಲಿಂಗೆ ಬಲಗಾಲಿನ ಬೂಟೇ ಮೊದಲು ಕೈಗೆ ಸಿಗಬೇಕು, ಇಲ್ಲದಿದ್ದರೆ ಆ ದಿನ ಅವನು ಆಡಿದ್ದೆಲ್ಲ ಹಾಳು. ಎಲ್ಲರ ಕಪಾಟಿನ ಮೇಲೂ ಹೆಸರು ಬರೆದು ಅಂಟಿಸಿದವನು ನಾನು, ಅದಕ್ಕಾಗಿ ಅರಬ್ಬಿ ಅಕ್ಷರ ಕಲಿತೆ. ಅವರು ನನ್ನನ್ನು ಸದೀಕ್ ಎಂದು ಕರೆಯುತ್ತಿದ್ದರು. ಗೆಳೆಯ ಎಂದರ್ಥ. ಹನ್ನೊಂದು ವರ್ಷ ಆ ಕರೆಗೆ ಓಗೊಟ್ಟೆ, ಹೆಮ್ಮೆಯಿಂದಲೇ.

ಆಮೇಲೆ ನಮ್ಮ ಕ್ಲಬ್ಬನ್ನು ಒಂದು ದೊಡ್ಡ ಕ್ಲಬ್ಬಿನೊಳಗೆ ಸೇರಿಸಿಬಿಟ್ಟರು. ಆಫೀಸಿಗೆ ಬೀಗ ಬಿತ್ತು. ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿ ಲತಾಗೆ ಆಸ್ಟ್ರೇಲಿಯಾದ ವೀಸಾ ಸಿಕ್ಕಿತು. ಅವಳ ಹಿಂದೆ ನಾನು ಮತ್ತು ಮಗಳು ನಿಶಾ. ಮೊದಲ ಎಂಟು ತಿಂಗಳು ಪರ್ತ್‌ನಲ್ಲಿದ್ದೆವು. ಮಾಡಲು ಕೆಲಸವಿಲ್ಲದೆ ನಾನು ರೈಲು ಹತ್ತಿ ಫ್ರೀಮ್ಯಾಂಟಲ್‌ಗೆ ಹೋಗಿ, ಬಂದರಿನಲ್ಲಿ ಕಂಟೇನರ್ ಇಳಿಸುವುದನ್ನು ನೋಡುತ್ತಿದ್ದೆ. ಯಾವುದಾದರೊಂದರ ಮೇಲೆ ಅರಬ್ಬಿ ಅಕ್ಷರ ಕಂಡರೆ ಓದಿಕೊಂಡು ವಾಪಸಾಗುತ್ತಿದ್ದೆ. ಬಿಸಿಲು ಎರಡೂ ಕಡೆ ಒಂದೇ. ಆದರೆ ಕೊಲ್ಲಿಯಲ್ಲಿ ನೆರಳಿನಲ್ಲಿ ಕೂತವರು ಕರೆದು ಚಹಾ ಕೊಡುತ್ತಿದ್ದರು. ಇಲ್ಲಿ ಹೇಗಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ದಾಟಿ ಹೋಗುತ್ತಾರೆ.

ಲತಾಳ ಕೆಲಸಕ್ಕಾಗಿ ಬ್ರಿಸ್ಬೇನಿಗೆ ಬಂದ ಮೇಲೆ, ನಾಯಕ ಕಸ ಗುಡಿಸುತ್ತಿದ್ದ ಆ ದಿನ, ಕ್ಲಬ್ಬಿನ ಕಾರ್ಯದರ್ಶಿ ಶ್ಯಾರನ್ ನನಗೆ ನಗುತ್ತಲೇ ಹೇಳಿದಳು, ಇಲ್ಲಿ ಸಂಬಳದ ಕೆಲಸವೇ ಇಲ್ಲ, ಎಲ್ಲರೂ ಕೈಜೋಡಿಸಿ ನಡೆಸುತ್ತೇವೆ ಎಂದು. ನಾನು ನಂಬಲಿಲ್ಲ. ಕೊಲ್ಲಿಯಲ್ಲಿ ಎಲ್ಲದಕ್ಕೂ ಮೊದಲು ಇಲ್ಲ ಅನ್ನುತ್ತಾರೆ, ಕೈಕೆಲಸ ನೋಡಿದ ಮೇಲೆ ಹೌದಾಗುತ್ತದೆ. ನಿಶಾಳನ್ನು ಅಲ್ಲಿನ ಹುಡುಗಿಯರ ತಂಡಕ್ಕೆ ಸೇರಿಸಿದೆ. ತಂಡದ ಜೆರ್ಸಿಗಳ ಚೀಲವನ್ನು ವಾರಕ್ಕೊಂದು ಮನೆಯವರು ಒಯ್ದು ಒಗೆದು ತರಬೇಕು. ಅದಕ್ಕೆ ಗೋಡೆಯ ಮೇಲೆ ರೋಸ್ಟರ್ ಎಂಬ ಸರದಿ ಪಟ್ಟಿ ಇತ್ತು. ನಾನು ಸರದಿ ನೋಡದೆ ಐದು ವಾರ ಚೀಲವನ್ನು ಮನೆಗೆ ತಂದೆ. ನೆನೆಸಿ, ಒಗೆದು, ಬೆನ್ನಿನ ನಂಬರ್ ಮೇಲೆ ಬರುವಂತೆ ಮಡಿಸಿದೆ.

"ಕೆಲ್ಸ ಇಲ್ದಿರೋ ಬಡಗಿ ಮಗನ ಕುಂಡಿ ಕೆತ್ತಿದ್ನಂತೆ," ಅಂದಳು ಲತಾ, ಡ್ಯೂಟಿ ಮುಗಿಸಿ ಬಂದು ಸೋಫಾ ತುಂಬ ಹರಡಿದ್ದ ಜೆರ್ಸಿ ನೋಡಿ. "ಕೂತ್ಕೊಳೋಕಾದ್ರೂ ಜಾಗ ಬಿಡ್ರೀ."

ಆರನೇ ವಾರ ಶ್ಯಾರನ್ ನನ್ನನ್ನು ಪಕ್ಕಕ್ಕೆ ಕರೆದಳು. ಮೆತ್ತಗೇ ಹೇಳಿದಳು. ಉಳಿದ ತಂದೆತಾಯಿಗಳಿಗೆ ಮುಜುಗರವಾಗುತ್ತಿದೆ, ತಾವು ಸೋಮಾರಿಗಳೇನೋ ಅನ್ನಿಸುತ್ತದಂತೆ, ನಿಮ್ಮ ಸರದಿ ಹದಿನಾರನೇ ವಾರ. ನಾನು ನನ್ನ ಕಸುಬು ತೋರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವರು, ಪಾಪ, ಈ ಇಂಡಿಯನ್ ಅಪ್ಪನಿಗೆ ಪಟ್ಟಿ ಅರ್ಥವಾಗಿಲ್ಲ ಎಂದುಕೊಂಡಿದ್ದರು. ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಹೊಟ್ಟೆಪಾಡಿಗೆ ಒಂದು ಆಸ್ಪತ್ರೆಯ ಲಾಂಡ್ರಿ ಸೇರಿದೆ. ಅಲ್ಲಿಯೂ ಬಟ್ಟೆಯೇ. ಆದರೆ ಆಸ್ಪತ್ರೆಯ ಹೊದಿಕೆ ಯಾರದು, ಅವರು ಗೆದ್ದರೋ ಸೋತರೋ ನಮಗೆ ಗೊತ್ತಾಗುವುದಿಲ್ಲ.

ಆಗಲೇ ಅಡಿಲೇಡಿನ ಒಂದು ವೃತ್ತಿಪರ ಕ್ಲಬ್ ಕಿಟ್ ಮ್ಯಾನ್ ಬೇಕೆಂದು ಜಾಹೀರಾತು ಹಾಕಿತು. ಅರ್ಜಿ ಹಾಕಿದೆ, ಒಂದು ದಿನದ ಪರೀಕ್ಷೆಗೆ ಕರೆದರು. ಹದಿನೆಂಟು ಜನರ ಕಿಟ್ ಜೋಡಿಸಿದೆ. ಕೈ ಏನನ್ನೂ ಮರೆತಿರಲಿಲ್ಲ. ಅಲ್ಲಿನ ಮ್ಯಾನೇಜರ್ ಒಂದು ಕಾಲುಚೀಲ ಎತ್ತಿ ನೋಡಿ, ಇದ್ದ ಹಾಗೆಯೇ ಮತ್ತೆ ಮಡಿಸಿಟ್ಟ. ನಮಗೆ ಒಪ್ಪಿಗೆ, ನಿಮ್ಮ ಹಳೆಯ ಕ್ಲಬ್ಬಿನವರೊಬ್ಬರ ಹತ್ತಿರ ಮಾತಾಡಿದರೆ ಮುಗಿಯಿತು ಎಂದ. ವಿಮಾನ ನಿಲ್ದಾಣದಿಂದಲೇ ಲತಾಗೆ ಫೋನ್ ಮಾಡಿದೆ.

"ಮತ್ತೆ ಮನೆ ಖಾಲಿ ಮಾಡ್ಬೇಕಾ?" ಅಂದಳು. ದನಿಯಲ್ಲಿ ನಗುವಿತ್ತು. "ಮಾಡೋಣ ಬಿಡಿ. ನೀವು ಹಿಂಗ್ ಮಾತಾಡಿ ಎಷ್ಟ್ ದಿನ ಆಗಿತ್ತು."

ನನ್ನ ಪರವಾಗಿ ಮಾತಾಡಲು ಉಳಿದಿದ್ದವನು ಸಾಲಿಂ ಒಬ್ಬನೇ. ಮೆಸೇಜ್ ಕಳಿಸಿದೆ. ಖಂಡಿತ ಸದೀಕ್, ನನ್ನ ನಂಬರ್ ಕೊಡು, ನಾನು ಹೇಳದೆ ಇನ್ಯಾರು ಹೇಳಬೇಕು ಎಂದು ಬರೆದ. ಹನ್ನೊಂದು ವರ್ಷ ಜೊತೆಗಿದ್ದವನಿಗೆ ನನ್ನ ಹೆಸರು ತಿಳಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹತ್ತು ದಿನಕ್ಕೆ ಅಡಿಲೇಡಿನಿಂದ ಉತ್ತರ ಬಂತು. ನಿಮ್ಮ ವಿವರ ಖಚಿತವಾಗಲಿಲ್ಲ, ಬೇರೆಯವರನ್ನು ತೆಗೆದುಕೊಂಡಿದ್ದೇವೆ. ಮರುದಿನ ಸಾಲಿಂ ತನ್ನ ಎಂದಿನ ಮುರುಕು ಹಿಂದಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದ. "ಸದೀಕ್, ನಿನ್ನ ಬಗ್ಗೆ ಯಾರೂ ಫೋನ್ ಮಾಡ್ಲಿಲ್ಲವಲ್ಲ. ಒಬ್ಬ ಆಸ್ಟ್ರೇಲಿಯಾದವನು ಮಾಡಿದ್ದ, ಆದ್ರೆ ಅವನು ಮುನಿರಾಜು ಅಂತ ಯಾರನ್ನೋ ಕೇಳ್ತಿದ್ದ. ಆ ಹೆಸರಿನವರು ನಮ್ಮಲ್ಲಿ ಯಾರೂ ಇರ್ಲಿಲ್ಲ ಅಂದೆ."

ಅದನ್ನು ನಾಲ್ಕು ಸಲ ಕೇಳಿದೆ. ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅವನು ಸುಳ್ಳು ಹೇಳಿರಲಿಲ್ಲ. ಅಡಿಲೇಡಿಗೆ ಫೋನ್ ಮಾಡಿ ವಿವರಿಸಿದೆ. ಮ್ಯಾನೇಜರ್ ನೊಂದುಕೊಂಡ, ಆದರೆ ಹೊಸಬ ಆಗಲೇ ಕೆಲಸಕ್ಕೆ ಬಂದಿದ್ದ.

ಕೊಲ್ಲಿಯವರಿಗೆ ನನ್ನ ಕೆಲಸ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಇಲ್ಲಿ ವೀಸಾದಿಂದ ಹಿಡಿದು ಔಷಧಿ ಚೀಟಿಯವರೆಗೂ ನನ್ನ ಹೆಸರಿದೆ, ಕೆಲಸ ಯಾರಿಗೂ ಗೊತ್ತಿಲ್ಲ. ಊರಿಗೆ ಹೋಗೋಣವೆಂದರೆ ಆಸ್ಟಿನ್ ಟೌನಿನಲ್ಲಿ ನಾನು ದುಬೈ ಮುನಿ. ದುಬೈಯನ್ನು ನಾನು ನೋಡಿದವನೇ ಅಲ್ಲ. ಎಲ್ಲಿಗೆ ಹೋದರೆ ನನ್ನ ಜಾಗಕ್ಕೆ ಹೋದಂತೆ ಎಂಬುದು ಈಗ ನನಗೆ ತಿಳಿಯುವುದಿಲ್ಲ.

ಹದಿನಾರನೇ ವಾರ ಬಂತು. ಗೋಡೆಯ ಪಟ್ಟಿಯಲ್ಲಿ ‘ನಿಶಾಳ ಅಪ್ಪ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಚೀಲ ಮನೆಗೆ ತಂದೆ. ಮಳೆಯಲ್ಲಿ ಆಡಿದ್ದರಿಂದ ಎಲ್ಲವೂ ಕೆಸರಾಗಿತ್ತು. ಅಭ್ಯಾಸಬಲದಿಂದ ಬಕೆಟ್ಟಿಗೆ ತಣ್ಣೀರು ತುಂಬಿಸಿದೆ.

ನಿಶಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷ್. "ಜಸ್ಟ್ ಚಕ್ ಇಟ್ ಇನ್ ದ ಮಷೀನ್, ಡ್ಯಾಡ್. ನೋಬಡಿ ಚೆಕ್ಸ್," ಅಂದಳು. ಸುಮ್ಮನೆ ಮಷೀನಿಗೆ ಎಸೆದುಬಿಡು, ಯಾರೂ ನೋಡುವುದಿಲ್ಲ ಎಂದು.

ಬಕೆಟ್ಟಿನ ನೀರು ಚೆಲ್ಲಿದೆ. ಹದಿನಾರು ಜೆರ್ಸಿಗಳನ್ನೂ ಕೆಸರಿನ ಸಮೇತ ಮಷೀನಿಗೆ ಹಾಕಿ ಬಟನ್ ಒತ್ತಿದೆ.