ನಾಳೆ ಅಕ್ಕನ ನೇರ ಮಾತು

ಬಟ್ಟೆ ಹೊಲಿಯಲು ಕೊಟ್ಟವರು ಯಾವಾಗ ಕೇಳಿದರೂ ‘ನಾಳೆ ಬನ್ನಿ’ ಎಂದು ಸಾಗಹಾಕುತ್ತಿದ್ದ ಟೈಲರಮ್ಮನಿಗೆ ಬೀದಿಯವರು ‘ನಾಳೆ ಅಕ್ಕ’ ಎಂದೇ ಹೆಸರಿಟ್ಟಿದ್ದರು. ಅವಳ ಅಪ್ಪ ತೀರಿಕೊಂಡಾಗ, ಅವರು ಸಾಕುತ್ತಿದ್ದ ಮೊಮ್ಮಗಳು, ಅಂದರೆ ತೀರಿಹೋದ ಅಣ್ಣ-ಅತ್ತಿಗೆಯ ಮಗಳು, ಇವಳ ಮನೆಗೆ ಬಂದಳು. ಹುಡುಗಿಗೆ ಆಟಿಸಂ. ಯಾರು ಏನೇ ಹೇಳಲಿ, ಮಾತಿಗಿದ್ದಷ್ಟೇ ಅರ್ಥ ಅವಳಿಗೆ.

ಅದು ಗೊತ್ತಿದ್ದೂ ಅತ್ತೆ, ‘ತಾತ ದೂರ ಹೋಗಿದ್ದಾರೆ ಪುಟ್ಟಿ, ನಾಳೆ ಮಾತಾಡೋಣ’ ಎಂದುಬಿಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಹುಡುಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುಳಿತಿದ್ದಳು.

‘ನಾಳೆ ಬಂತು. ಎಷ್ಟು ದೂರ? ಬಸ್ಸಲ್ಲಿ ಹೋಗಬಹುದಾ?’

ಅತ್ತೆ ಕತ್ತರಿ ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು. ‘ನಾನು ತಪ್ಪು ಹೇಳಿದೆ. ತಾತ ಸತ್ತುಹೋದ್ರು. ಅವರ ಹೃದಯ ನಿಂತುಹೋಯ್ತು. ಇನ್ನು ವಾಪಸ್ ಬರಲ್ಲ.’

‘ಬಸ್ಸಲ್ಲೂ?’

‘ಬಸ್ಸಲ್ಲೂ ಬರಲ್ಲ.’

ಹುಡುಗಿ ಚಪ್ಪಲಿ ಬಿಚ್ಚಿಟ್ಟಳು. ‘ಇಲ್ಲಿ ನನ್ನ ಗೋಡೆ ಯಾವುದು?’

ತಾತನ ಮನೆಯಲ್ಲಿ ಅವಳು ಗೋಡೆಗೆ ಬೆನ್ನು ಹಚ್ಚಿಯೇ ಮಲಗುತ್ತಿದ್ದಳು. ಅತ್ತೆ ಅಂದೇ ಮಂಚವನ್ನು ಗೋಡೆಗೆ ತಳ್ಳಿ, ಅಲ್ಲಿಂದ ತಂದ ಹಳೇ ಹೊದಿಕೆ ಹಾಸಿದಳು. ಮಿಷನ್ನಿನ ಸದ್ದಿಗೆ ಹುಡುಗಿ ಬೆಚ್ಚುತ್ತಾಳೆಂದು, ಪ್ರತಿ ಸಲವೂ ‘ಈಗ ಹೊಲೀತೀನಿ’ ಎಂದು ಹೇಳಿ, ಅವಳು ತಲೆಯಾಡಿಸಿದ ಮೇಲೇ ಕಾಲು ಆಡಿಸುತ್ತಿದ್ದಳು.

ಸಾವಿನ ಮಾತು ಅಷ್ಟಕ್ಕೇ ಮುಗಿಯಲಿಲ್ಲ. ಅಂಗಡಿಗೆ ಬಂದವರನ್ನೆಲ್ಲ ತಡೆದು ‘ನೀವು ಯಾವಾಗ ಸಾಯ್ತೀರಿ?’ ಎಂದು ಹುಡುಗಿ ವಿಚಾರಿಸತೊಡಗಿದಳು. ಒಬ್ಬಾಕೆ ಮುಖ ಗಂಟಿಕ್ಕಿ, ಅಳತೆ ಕೊಡದೇ ಹೊರಟುಹೋದಳು. ಪ್ಯಾಂಟು ಹೊಲಿಯಲು ಕೊಟ್ಟಿದ್ದ ನಿವೃತ್ತ ಮೇಷ್ಟರು ಮಾತ್ರ ಯೋಚಿಸಿ ಉತ್ತರ ಕೊಟ್ಟರು: ‘ಗೊತ್ತಿಲ್ಲಮ್ಮ. ಪ್ಯಾಂಟು ಕೈಗೆ ಬರೋವರೆಗಂತೂ ಸಾಯಲ್ಲ. ನಿಮ್ಮತ್ತೆ ಹೊಲಿಯೋ ವೇಗ ನೋಡಿದ್ರೆ ನೂರು ವರ್ಷಕ್ಕೆ ಮೋಸ ಇಲ್ಲ.’

ಅತ್ತೆ ಕಿಸಕ್ಕನೆ ನಕ್ಕಳು. ಹುಡುಗಿ ನಗಲಿಲ್ಲ. ‘ಅತ್ತೆ, ಆ ಪ್ಯಾಂಟು ಹೊಲೀಬೇಡ.’

ಅದು ತಮಾಷೆ, ಪ್ಯಾಂಟಿಗೂ ಸಾವಿಗೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅತ್ತೆಗೂ ಮೇಷ್ಟರಿಗೂ ಸಾಕುಸಾಕಾಯಿತು.

ಸಂಜೆ ಹುಡುಗಿ ತಾನಾಗಿಯೇ ಎದ್ದುನಿಂತು ತಾತ ಸೀನುವುದನ್ನು ಮಾಡಿ ತೋರಿಸಿದಳು. ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ಬಾಯಿ ತೆರೆದು ಕಾದು, ಸೀನು ಬಾರದೆ ಪೆಚ್ಚಾಗುವ ಅದೇ ಮುಖ. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

‘ಅಳ್ತಿದ್ದೀಯೋ ನಗ್ತಿದ್ದೀಯೋ?’

‘ಎರಡೂ.’

‘ಒಟ್ಟಿಗೆ ಮಾಡಬಹುದಾ?’

‘ಮಾಡಬಹುದು.’

ಹುಡುಗಿ ಕನ್ನಡಿಯ ಮುಂದೆ ನಿಂತು ತಾನೂ ಪ್ರಯತ್ನಿಸಿದಳು. ಮೊದಲು ನಗು ಬಂತು.