ತಾಡಪತ್ರಿಯ ಹಗ್ಗ

ಟಿಕೋಟಾದಲ್ಲಿ ನಮ್ಮ ಒಣದ್ರಾಕ್ಷಿ ಶೆಡ್ಡಿನ ಪಕ್ಕದಲ್ಲೇ ಬಾಜೂ ಹೊಲದವನ ಶೆಡ್ಡು. ಬದುವಿನ ಜಗಳವಾಗಿ ಮಾತು ಬಿಟ್ಟಿದ್ದೆವು. ಅಕಾಲದ ಮಳೆ ಬಂದ ದಿನ ಅವನು ಊರಲ್ಲಿರಲಿಲ್ಲ. ಅವನ ಒಣದ್ರಾಕ್ಷಿಗೆ ಮಳೆ ತಾಗದಂತೆ ಹೊದಿಸಿದ್ದ ತಾಡಪತ್ರಿಯ ಹಗ್ಗ ಬಿಚ್ಚಿಕೊಂಡಿತ್ತು. ಹೋಗಿ ಕಟ್ಟು ಎಂದಿತು ಮನಸ್ಸು. ನೆನೆಯಲಿ ಬಿಡು ಎಂದದ್ದೂ ಅದೇ. ಹಿಂದಿನ ಭಾನುವಾರವಷ್ಟೇ ಚರ್ಚಿನಲ್ಲಿ ವೈರಿಗಳ ಹಿತಕ್ಕಾಗಿ ಪ್ರಾರ್ಥಿಸಿದ ಬಾಯಿ ನನ್ನದು. ನೋಡುತ್ತ ನಿಂತೆ. ಕಡೆಗೆ ಓಡಿಹೋಗಿ ಕಟ್ಟುವಷ್ಟರಲ್ಲಿ ಅರ್ಧ ಮಾಲು ನೆನೆದುಹೋಗಿತ್ತು.

ಮರುದಿನ ಅವನು ನನ್ನ ಕೈ ಹಿಡಿದು ಅತ್ತ. "ಅಣ್ಣಾರ, ನೀವು ಓಡಿ ಬರದಿದ್ರ ಪೂರಾ ಮಾಲು ಹೋಗಿರ್ತಿತ್ರಿ."



ಈಗ ಪ್ರತಿ ಕ್ರಿಸ್ಮಸ್ಸಿಗೆ ಅವನೇ ಒಣದ್ರಾಕ್ಷಿ ತಂದುಕೊಡುತ್ತಾನೆ. ಹೆಂಡತಿ ಕೇಕಿಗೆ ಹಾಕುತ್ತಾಳೆ. ನಾನು ಒಂದೊಂದೇ ಹೆಕ್ಕಿ ತಟ್ಟೆಯ ಅಂಚಿಗಿಡುತ್ತೇನೆ.